ಮೂರನೆಯ ಸಾಲು

ಲಾರಿಗಳು ನಿಂತ ರಾತ್ರಿ ಹೊಸಪೇಟೆಯ ಸಂಡೂರು ರಸ್ತೆಯ ಜನಕ್ಕೆ ನಿದ್ದೆ ಹತ್ತಲಿಲ್ಲ. ವರ್ಷಗಟ್ಟಲೆ ಅದಿರಿನ ಲಾರಿಗಳ ಗುಡುಗಿಗೇ ಕಣ್ಣು ಮುಚ್ಚಿ ರೂಢಿಯಾದವರು, ಮಾಲೀಕರ ಮುಷ್ಕರ ಶುರುವಾಗಿ ರಸ್ತೆ ಬರಿದಾದದ್ದೇ ಎದ್ದು ಕೂತು, ಎಲ್ಲೋ ಏನೋ ಅನಾಹುತವಾಗಿರಬೇಕು ಎಂದುಕೊಂಡರು. ಅಕ್ಷೋಭ್ಯನೊಬ್ಬನೇ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದಂತೆಯೇ ಕಿವಿಗೊಟ್ಟು ಕೇಳಿದ. ಹಿತ್ತಲ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಎದುರು ಮನೆಯ ರೇಡಿಯೊ ಕೇಳಿಸಿತು. ಆ ಮನೆಯಲ್ಲಿ ರೇಡಿಯೊ ಇದೆ ಎಂಬುದೇ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಮೇಧಾ, ಲಾರಿ ನಿಂತಾವ," ಎಂದ.

ಹೆಂಡತಿ ಮೇಧಾ ಯಶವಂತನಗರದ ಶಾಲೆಯಲ್ಲಿ ಪಾಠ ಹೇಳುವವಳು. ಗಣಿ ಕಂಪನಿಯ ಬಸ್ಸು ತಪ್ಪೀತೆಂದು ನಿಂತುಕೊಂಡೇ ಅವಲಕ್ಕಿ ತಿನ್ನುತ್ತಿದ್ದಳು. "ನಿಂತ್ರ ನಿಂತಾವ. ನೀವು ಇನ್ನೊಂದು ತಾಸು ಮಲಕೋರಿ. ಮುಖ ಹೆಂಗಾಗ್ಯದ ನೋಡಿಕೊಂಡೀರೇನು?"

ಅವನು ನೋಡಿಕೊಂಡಿರಲಿಲ್ಲ, ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ. ಹಿಂದಿನ ದಿನ ಸಂಡೂರಿನಲ್ಲಿ ಗುತ್ತಿಗೆದಾರನೊಬ್ಬನ ಮಗನ ಹುಟ್ಟುಹಬ್ಬ. ರಸಮಂಜರಿ ಕಾರ್ಯಕ್ರಮ. ಆ ಕಾಲದಲ್ಲಿ ಕೆಂಪು ಮಣ್ಣು ಮಾರಿ ದಿಢೀರನೆ ಮೇಲೆ ಬಂದವರ ಮನೆಯಲ್ಲಿ ನಾಯಿ ಮರಿ ಹಾಕಿದರೂ ರಸಮಂಜರಿ ಇರುತ್ತಿತ್ತು. ಅಕ್ಷೋಭ್ಯ ಕೀಬೋರ್ಡಿನ ಮುಂದೆ ಕೂತು ಒಂದೇ ಸಿನಿಮಾ ಹಾಡನ್ನು ಜನ ಕೇಳಿಕೇಳಿದಂತೆಲ್ಲ ಬಾರಿಸಿದ್ದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುತ್ತಾರಲ್ಲ, ಆ ದಾಸನಿಗಾದರೂ ತನ್ನ ಹಾಡೆಂಬ ಪ್ರೀತಿ ಇದ್ದೀತು. ಇವನಿಗೆ ಅದೂ ಇರಲಿಲ್ಲ. ಮೂವತ್ತೆಂಟಕ್ಕೇ ಬೆರಳಿನ ಗೆಣ್ಣುಗಳು ನೋಯುತ್ತಿದ್ದವು.

ಹಾಗೆಂದು ಅವನು ಹುಟ್ಟಿದ್ದು ಹುಟ್ಟುಹಬ್ಬಗಳಿಗೆ ಬಾರಿಸಲು ಅಲ್ಲ. ಬೆಂಗಳೂರಿನಲ್ಲಿ ಐವರು ಗೆಳೆಯರು ಸೇರಿ ಒಂದು ಬ್ಯಾಂಡು ಕಟ್ಟಿದ್ದರು. ಅವರು ಬಾರಿಸುತ್ತಿದ್ದುದಕ್ಕೆ ಸಿಂಫನಿಕ್ ಪವರ್ ಮೆಟಲ್ ಎಂದು ಹೆಸರು. ಕೆಳಗೆ ಡ್ರಮ್ಸು ಕುದುರೆ ದೌಡು ಹೊಡೆಯುತ್ತಿರಬೇಕು, ಅದರ ಮೇಲೆ ಗಿಟಾರು ಕೆಂಡ ಉಗುಳಬೇಕು, ಅದರ ಮೇಲೆ ಪಿಟೀಲುಗಳ ದಂಡು, ಎಲ್ಲದರ ನೆತ್ತಿಯ ಮೇಲೆ ಊರಿಗೂರೇ ಬಾಯಿ ತೆರೆದಂತೆ ಒಂದು ಮೇಳ ಹಾಡಬೇಕು. ಹಾಡುಗಳೆಲ್ಲ ಇಂಗ್ಲಿಷಿನಲ್ಲಿ, ಬೆಂಕಿ ಕಾರುವ ಹಾವು, ಹಿಮದ ಕೋಟೆ, ಖಡ್ಗ ಇತ್ಯಾದಿ. ಹಿಮವನ್ನು ಐವರಲ್ಲಿ ಒಬ್ಬನೂ ಕಂಡಿರಲಿಲ್ಲ. ಕೊನೆಗೆ ಐವರೂ ಐದು ದಿಕ್ಕಾದರು. ಇವನು ಹೊಸಪೇಟೆಗೆ ಬಂದು, ಇನ್ನು ಯಾರ ಹಂಗೂ ಬೇಡ, ಎಲ್ಲವನ್ನೂ ಒಬ್ಬನೇ ಮಾಡಿದ ಒಂದು ಆಲ್ಬಂ ತರುತ್ತೇನೆಂದು ಹಟ ಹಿಡಿದ.

ಹಿಡಿದು ನಾಲ್ಕು ವರ್ಷವಾಗಿತ್ತು. ಗಿಟಾರು ತಾನೇ ಕಲಿತ. ಡ್ರಮ್ಸನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಪೆಟ್ಟು ಪೋಣಿಸಿದ. ಕೀಬೋರ್ಡಿನ ಸಂದಿಗಳಲ್ಲಿ ಸೇರುತ್ತಿದ್ದ ಕೆಂಧೂಳನ್ನು ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಸುದ್ದಿ ಕೇಳಿದವರೆಲ್ಲ "ಹಂಪಿ ಮ್ಯಾಲ ಮಾಡೀರೇನ್ರಿ?" ಎಂದು ಕೇಳುವವರೇ. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಮೊದಮೊದಲು ವಿವರಿಸುತ್ತಿದ್ದ. ಆಮೇಲೆ ಹೌದು ಎಂದುಬಿಡುವುದೇ ಸುಲಭವೆನಿಸಿತು.

ಏಳು ಹಾಡು ಮುಗಿದಿದ್ದವು. ಎಂಟನೆಯದು, ಎಲ್ಲಕ್ಕೂ ಕಳಶದಂತಿರಬೇಕಾದದ್ದು, ಮೇಳವಿಲ್ಲದೆ ನಿಂತಿತ್ತು. ಕಂಪ್ಯೂಟರಿನಲ್ಲಿ ಸಿಗುವ ಮೇಳದ ದನಿಗಳನ್ನು ಹಾಕಿ ನೋಡಿದ. ಫ್ರಿಜ್ಜಿನಲ್ಲಿಟ್ಟ ಅನ್ನದಂತಿದ್ದವು. ಚೆನ್ನೈನ ಸ್ಟುಡಿಯೊದ ಪರಿಚಯಸ್ಥನೊಬ್ಬ ತಿಂಗಳ ಕೊನೆಯೊಳಗೆ ಎಲ್ಲ ಕಳಿಸಿದರೆ ಮಿಕ್ಸ್ ಮಾಡಿಕೊಡುತ್ತೇನೆ, ತಪ್ಪಿದರೆ ಮುಂದಿನ ವರ್ಷದ ಮಾತು ಎಂದಿದ್ದ. ಮುಂದಿನ ವರ್ಷದ ಮಾತು ಅಕ್ಷೋಭ್ಯನಿಗೆ ಬೇಕಿರಲಿಲ್ಲ. ತನ್ನೊಳಗಿನ ಎಣ್ಣೆ ಎಷ್ಟು ಉಳಿದಿದೆಯೆಂದು ಅವನಿಗೆ ಗೊತ್ತಿತ್ತು. ಈ ಸಲ ಆಗದಿದ್ದರೆ ಅದು ಆಗುವುದೇ ಇಲ್ಲ.

ಬೇಕಾದ ಮೇಳ ಹಿತ್ತಲ ಗಿಡದಂತೆ ಹತ್ತಿರದಲ್ಲೇ ಇತ್ತು. ಸೋದರತ್ತೆ ಯಮುನಾಬಾಯಿ ರಾಯರ ಮಠದ ಹಿಂದಿನ ಓಣಿಯಲ್ಲಿದ್ದಳು, ಭಜನಾ ಮಂಡಳಿಗೆ ಅವಳೇ ಯಜಮಾನಿ. ಎಪ್ಪತ್ತರ ಮುದುಕಿ, ಆದರೆ ದನಿ ಎತ್ತಿದಳೆಂದರೆ ಅದು ಅಲ್ಲಾಡುತ್ತಿರಲಿಲ್ಲ. ಸುತ್ತ ಏನೇ ಗದ್ದಲವಿರಲಿ, ಸೀಳಿಕೊಂಡು ಮೇಲೆ ಬಂದು ನಿಲ್ಲುತ್ತಿತ್ತು. ಅಂಥ ದನಿಗಾಗಿ ಅವನು ಎಲ್ಲೆಲ್ಲಿಯದೋ ಆಲ್ಬಂಗಳನ್ನು ಕೇಳುತ್ತ ಯೌವನ ಕಳೆದಿದ್ದ. ತೊಡಕು ಒಂದೇ. ಮಂಡಳಿ ದಾಸರ ಪದ ಬಿಟ್ಟು ಬೇರೆ ಹಾಡುತ್ತಿರಲಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಹಾಡಿಗೆ ನಾಲಿಗೆ ಕೊಡುವುದಿಲ್ಲ ಎಂದು ಅತ್ತೆಯ ಕಟ್ಟಪ್ಪಣೆ.

ಅದಕ್ಕೆ ಅಕ್ಷೋಭ್ಯ ಒಂದು ಸಣ್ಣ ಸುಳ್ಳು ಹೇಳಿದ. ಬ್ಯಾಂಡು ಒಡೆದ ವಾರ ಬೆಂಗಳೂರಿನ ಬಸ್‌ಸ್ಟಾಂಡಿನಲ್ಲಿ ಕೂತು ತಾನು ಬರೆದ ಎರಡು ಸಾಲನ್ನು ತಂದು, "ಯಾವುದೋ ಹಳೇ ಪದ ಅತ್ಯಾ, ಯಾರದೋ ಗೊತ್ತಿಲ್ಲ," ಎಂದ.

ನಡುಹೊಳೆಯಲಿ ನಿಂತೆ, ಹುಟ್ಟು ಕೈಜಾರಿತೊ,
ಈ ದಡದವರಿಲ್ಲ, ಆ ದಡದವರಿಲ್ಲ.

ಅಷ್ಟೇ. ಅವನ ಲೆಕ್ಕದಲ್ಲಿ ಅಲ್ಲಿ ಮಾತು ನಿಂತು, ಮೂರನೆಯ ಸಾಲಿನ ಜಾಗದಲ್ಲಿ ವಾದ್ಯಗಳು ಒಂಟಿಯಾಗಿ ಅಳಬೇಕು. ಯಮುನಾಬಾಯಿ ಹಾಡಿ ನೋಡಿದಳು, ತಲೆದೂಗಿದಳು, ಮತ್ತೊಮ್ಮೆ ಹಾಡಿ ಅರ್ಧಕ್ಕೆ ನಿಂತಳು. "ಮೂರನೇ ಸಾಲು ಎಲ್ಲೋ?"

"ಇಷ್ಟೇ ಅದ ಅತ್ಯಾ."

"ಇಷ್ಟೇ ಹೆಂಗಿರ್ತದ? ನಡುಹೊಳಿಯಾಗ ಬಿಟ್ಟು ಹೋಗೋ ದಾಸರು ಎಲ್ಲರೆ ಇದ್ದಾರೇನು?" ಎಂದವಳು, ಮಾರನೆಯ ವಾರದ ಭಜನೆಯಲ್ಲಿ ಮೂರನೆಯ ಸಾಲನ್ನೂ ಸೇರಿಸಿಯೇ ಹಾಡಿದಳು. ನೀನಿದ್ದರೆ ಸಾಕೊ, ದಡದ ಹಂಗಿಲ್ಲ. ಎಲ್ಲಿಂದ ಬಂತೆಂದು ಕೇಳಿದರೆ, "ನೆನಪಾತು," ಎಂದಳು. ಅಕ್ಷೋಭ್ಯನಿಗೆ ಸಿಟ್ಟು ಬಂದಿತ್ತು. ತನ್ನ ಸಂಕಟಕ್ಕೆ ಯಾರೋ ಕರೆಯದೆ ಬಂದು ಮುಲಾಮು ಹಚ್ಚಿದಂತಾಗಿತ್ತು. ರೆಕಾರ್ಡ್ ಮಾಡುವಾಗ ಆ ಸಾಲನ್ನು ಕತ್ತರಿಸಿದರಾಯಿತು ಎಂದು ಸುಮ್ಮನಾದ.

ರೆಕಾರ್ಡ್ ಮಾಡುವುದೆಲ್ಲಿ? ಮನೆಯಲ್ಲಿ ಲಾರಿ. ಹಂಪಿಯ ಮಂಟಪದಲ್ಲಿ ಕಾವಲುಗಾರ ಪರವಾನಗಿ ಕೇಳಿದ, ಅಷ್ಟರಲ್ಲಿ ಕೋತಿ ಮೈಕಿನ ಸ್ಪಂಜು ಕಿತ್ತುಕೊಂಡು ಹೋಯಿತು. ಬೆಂಗಳೂರಿನ ಸ್ಟುಡಿಯೊ ಎಂದರೆ ಮಡಿಯೂಟದ ಪ್ರಶ್ನೆ. ಹೀಗೆ ಆರು ತಿಂಗಳು ಕಳೆದು, ಈಗ ತಾನಾಗಿ ರಸ್ತೆ ಬಾಯಿ ಮುಚ್ಚಿತ್ತು. ಅವನು ಮುಖ ತೊಳೆಯುವ ಮೊದಲೇ ಕೊಟ್ರಯ್ಯನಿಗೆ ಫೋನ್ ಮಾಡಿದ.

ಕೊಟ್ರಯ್ಯ ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ಮಿನ ಮಾಲೀಕ, ರಸಮಂಜರಿಗಳಿಗೆ ಅಕ್ಷೋಭ್ಯನನ್ನು ಕರೆದೊಯ್ಯುವವನೂ ಅವನೇ. ಈ ಸಂಗೀತವನ್ನು ಒಮ್ಮೆ ಕೇಳಿ, "ಮಸ್ತ್ ಐತಿ ಸಾರ್, ಆದ್ರ ಎಳೇ ಮಕ್ಕಳಿರೋ ಮನ್ಯಾಗ ಹಚ್ಚಬ್ಯಾಡ್ರಿ," ಎಂದಿದ್ದ. ಸಂಗೀತ ಹಿಡಿಸದಿದ್ದರೂ ಮನುಷ್ಯ ಹಿಡಿಸಿದ್ದ. ಒಳ್ಳೆಯ ಮೈಕು ಎರಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅರ್ಧ ಗಂಟೆಯಲ್ಲಿ ಬಂದ. "ಜಲ್ದಿ ಕರೀರಿ ಸಾರ್ ನಿಮ್ಮತ್ತೇರನ್ನ. ಮುಷ್ಕರ ಎಷ್ಟು ದಿನಾನೋ ಯಾರಿಗ್ಗೊತ್ತು."

ಅಕ್ಷೋಭ್ಯ ಓಡಿದ. ಅಂಥ ಓಟ ಅವನು ಓಡಿ ಎಷ್ಟೋ ವರ್ಷವಾಗಿತ್ತು. ಅತ್ತೆ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದಳು. ಒಳಗೆ ದೇವರಮನೆಯ ಬಾಗಿಲು ಮುಚ್ಚಿತ್ತು.

"ದೂರ ನಿಂದ್ರು, ಮುಟ್ಟಬ್ಯಾಡ," ಎಂದಳು. "ವೃದ್ಧಿ ಬಂದದ. ಕಂಪ್ಲಿಯೊಳಗ ನಮ್ಮ ದಾಯಾದ್ಯೋರ ಮನ್ಯಾಗ ಗಂಡು ಹುಟ್ಟ್ಯದ. ಈಗಷ್ಟ ಫೋನ್ ಬಂತು."

ಅತ್ತೆಯ ಗಂಡನ ಮನೆತನದಲ್ಲಿ ಎಲ್ಲಿ ಮಗು ಹುಟ್ಟಿದರೂ ಹತ್ತು ದಿನ ಮೈಲಿಗೆ. ಪೂಜೆಯಿಲ್ಲ, ಮಠವಿಲ್ಲ, ದೇವರ ಪದ ಬಾಯಲ್ಲಿ ಬರುವಂತಿಲ್ಲ. ಅಕ್ಷೋಭ್ಯ ಜಗುಲಿಯ ಕೆಳಗೆ ನಿಂತಲ್ಲೇ ನಿಂತ. ಸಂತೋಷದ ಸುದ್ದಿಗೆ ಸಂತೋಷಪಡಬೇಕೆಂಬುದೂ ಹೊಳೆಯಲಿಲ್ಲ. "ಅತ್ಯಾ, ಲಾರಿ ನಿಂತಾವ. ಇಂಥಾ ದಿನ ಮತ್ತ ಬರಂಗಿಲ್ಲ."

"ಲಾರಿ ನಿಂತ್ರ ಶಾಸ್ತ್ರಾನೂ ನಿಲ್ತದೇನು? ಹತ್ತು ದಿನ ಕಳೀಲಿ. ಶುದ್ಧಿ ಆದಮ್ಯಾಲ ಎಷ್ಟು ಬೇಕಷ್ಟು ಹಾಡ್ತೀನಿ. ಮಾತು ಕೊಟ್ಟೀನಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಂಡಳಿಯ ಉಳಿದ ಹೆಂಗಸರನ್ನು ಕರೆತಂದು ಹಾಡಿಸಿ ನೋಡಿದ. ಯಮುನಕ್ಕ ಮುಂದೆ ಇಲ್ಲದೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತ, ಹೊಸ ಸೊಸೆಯರಂತೆ ಗುನುಗಿದರು. ಕೊಟ್ರಯ್ಯ ಮೈಕಿನ ದನಿ ಏರಿಸಿದಷ್ಟೂ ಬರೀ ಬಳೆಯ ಸದ್ದು ಏರಿತು. ಕಾಫಿ ಕೊಟ್ಟು ಕಳಿಸಬೇಕಾಯಿತು.

ಮರುದಿನ ಮಧ್ಯಾಹ್ನದವರೆಗೆ ಅಕ್ಷೋಭ್ಯ ಆ ಅಪರೂಪದ ಮೌನದಲ್ಲಿ ಕೂತು ಯೋಚಿಸಿದ. ಅಡ್ಡಿಯೆಲ್ಲ ಅದು ದೇವರ ಹಾಡು ಎಂಬುದಕ್ಕೆ. ದೇವರದಲ್ಲ, ತನ್ನದು ಎಂದುಬಿಟ್ಟರೆ? ಮೈಲಿಗೆ ಇರುವವರು ಲಾವಣಿ ಹಾಡಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಹೇಳಿದರೆ ಅತ್ತೆ ಬೈಯುತ್ತಾಳೆ, ಬೈದ ಮೇಲೆ ಹಾಡುತ್ತಾಳೆ. ಅತ್ತೆಯ ಸಿಟ್ಟು ಉಪ್ಪಿಟ್ಟಿನಷ್ಟು ಹೊತ್ತೂ ಬಿಸಿಯಿರುವುದಿಲ್ಲ. ಹಾಗೆ ಲೆಕ್ಕ ಹಾಕಿ ಮತ್ತೆ ಹೋಗಿ ಜಗುಲಿಯ ಕೆಳಗೆ ನಿಂತ.

"ಅತ್ಯಾ, ನಿಮಗೊಂದು ಹೇಳಬೇಕು. ಅದು ದಾಸರ ಪದ ಅಲ್ಲ. ನಾ ಬರದದ್ದು."

ಯಮುನಾಬಾಯಿ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ನಕ್ಕಳು. "ಹೋಗೋ."

"ಖರೇನ ಅತ್ಯಾ. ಬೆಂಗಳೂರಿನ ಬಸ್‌ಸ್ಟಾಂಡಿನ್ಯಾಗ ಕೂತು ಬರದೀನಿ. ಅದರಾಗ ದೇವರ ಸುದ್ದಿನ ಇಲ್ಲ. ನನ್ನ ಸುದ್ದಿ ಅದ. ನೀವು ಹಾಡಿದ್ರ ದೋಷ ಇಲ್ಲ."

ನಗು ಹೋಯಿತು. "ಅಕ್ಷು, ನಮ್ಮಜ್ಜಿ ಆ ಪದ ಹಾಡ್ಕೋತ ಬೀಸ್ತಿದ್ಲು. ನಾ ಆಕಿ ಎದುರಿಗೆ ಕೂತು ಕಾಳು ಹಾಕ್ತಿದ್ದೆ. ಬೀಸೋಕಲ್ಲಿನ ಸದ್ದು ಸಹಿತ ನನ್ನ ಕಿವ್ಯಾಗದ. ನೀ ಬರದೀಯಂತ!"

"ಅಜ್ಜಿ ಹಾಡಿದ್ದು ಬ್ಯಾರೆ ಇರಬೇಕು. ಮೊದಲಿನ ಎರಡು ಸಾಲು ನಂದು. ಮೂರನೇದು ನೀವು ಹಾಕಿದ್ದು."

"ನಾ ಹಾಕಾಕ ನಾ ಯಾರು? ನೀ ಬರಿಯಾಕ ನೀ ಯಾರು?" ಅತ್ತೆಯ ದನಿ ಏರಲಿಲ್ಲ, ಅದೇ ಅವನನ್ನು ಹೆದರಿಸಿತು. "ನನ್ನ ಕೈಲೆ ಶಾಸ್ತ್ರ ಮುರಸಬೇಕಂತ ದಾಸರ ಪದ ನಂದು ಅಂತೀಯಲ್ಲೋ. ನಿಮ್ಮಪ್ಪ ಇದ್ದಿದ್ರ ಈ ಮಾತು ಕೇಳಿ ಸ್ನಾನ ಮಾಡ್ತಿದ್ದ. ನಡಿ, ಮನೀಗೆ ಹೋಗು."

ತಮಾಷೆಯೆಂದರೆ ತಮಾಷೆಯೇ. ಸುಳ್ಳು ಹೇಳಿದಾಗ ನಂಬಿದರು, ನಿಜ ಹೇಳಿದಾಗ ಸುಳ್ಳುಗಾರ ಎಂದರು. ಆದರೆ ಅಕ್ಷೋಭ್ಯನಿಗೆ ನಗು ಬರಲಿಲ್ಲ. ಅಪ್ಪನ ಹೆಸರು ತೆಗೆದದ್ದು ಎದೆಗೆ ಚುಚ್ಚಿತ್ತು. ಅದಕ್ಕಿಂತ ಒಳಗೆ ಚುಚ್ಚಿದ್ದು ಬೇರೆ. ಇಷ್ಟು ವರ್ಷದಲ್ಲಿ ತನ್ನದು ಎನ್ನುವ ಹಾಗೆ ಮಾಡಿದ್ದು ಆ ಎರಡೇ ಸಾಲು. ಉಳಿದದ್ದರಲ್ಲಿ ಅಲ್ಲಿಯ ಇಲ್ಲಿಯ ಬ್ಯಾಂಡುಗಳ ನೆರಳು ಇತ್ತು, ಅದು ಅವನಿಗೂ ಗೊತ್ತಿತ್ತು. ಆ ಎರಡು ಸಾಲಿನ ಮೇಲೂ ಈಗ ಅವನ ಹಕ್ಕು ನಡೆಯುವಂತಿರಲಿಲ್ಲ.

ಸಂಜೆ ಮೇಧಾ ಬಂದು ಎಲ್ಲ ಕೇಳಿದಳು. "ನೀವು ಬರದದ್ದು ನನಗ ಗೊತ್ತದಲ್ಲ. ನಾ ಬಂದು ಸಾಕ್ಷಿ ಹೇಳ್ಲೇನು?"

"ಬ್ಯಾಡ."

"ಯಾಕ?"

"ದಣಿವಾಗ್ಯದ ಮೇಧಾ," ಎಂದ. ಅವಳು ಚೀಲ ಗೂಟಕ್ಕೆ ತೂಗುಹಾಕುತ್ತ, ನಮ್ಮ ಶಾಲೆಗೆ ಬಂಡ್ರಿಯಿಂದ ಬರುವ ಆಯಾ ಕೂಡ ಆ ಪದ ಗುನುಗುತ್ತಾಳೆ, ಯಾರಿಂದ ಕಲಿತಳೋ ಏನೋ ಎಂದಷ್ಟೇ ಹೇಳಿದಳು.

ಮುಷ್ಕರ ಎಂಟನೆಯ ದಿನಕ್ಕೆ ಮುರಿಯಿತು. ಮೊದಲ ಲಾರಿಯ ಗಾಳಿಹಾರ್ನು ಕೇಳಿದ್ದೇ ಓಣಿಯವರು ನೆಮ್ಮದಿಯಿಂದ ನಿಟ್ಟುಸಿರುಬಿಟ್ಟರು. ಅಕ್ಷೋಭ್ಯ ಮೈಕುಗಳನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟ. ಮರಿಯಮ್ಮನಹಳ್ಳಿಯಲ್ಲಿ ಗೃಹಪ್ರವೇಶ, ಯಶವಂತನಗರದಲ್ಲಿ ಇನ್ನೊಂದು ಹುಟ್ಟುಹಬ್ಬ ಎಂದು ಕೊಟ್ರಯ್ಯ ಒಂದೊಂದೇ ಹೇಳುತ್ತಿದ್ದರೆ ಎಲ್ಲಕ್ಕೂ ಹೂಂ ಎಂದ. ಚೆನ್ನೈನವನಿಗೆ ಆಗುವುದಿಲ್ಲ ಎಂದು ತಿಳಿಸಬೇಕಿತ್ತು. ಅದಕ್ಕೂ ಕೈ ಏಳಲಿಲ್ಲ.

ಶುದ್ಧಿಯಾದ ದಿನವೇ ಅತ್ತೆಯ ಫೋನು ಬಂತು. ದನಿ ಇನ್ನೂ ಬಿಗುವಾಗಿಯೇ ಇತ್ತು. "ನಾಳೆ ಕಂಪ್ಲ್ಯಾಗ ಕೂಸಿನ ತೊಟ್ಟಿಲಾ. ಅಲ್ಲಿ ಲಾರಿ ಇಲ್ಲ. ನಿನ್ನ ಮಷೀನ್ ತಗೊಂಡು ಬಾ."

"ಇರಲಿ ಬಿಡ್ರಿ ಅತ್ಯಾ."

"ಇರಲಿ ಅಂದ್ರ? ನೀ ಸುಳ್ಳು ಹೇಳಿದ್ದು ಬ್ಯಾರೆ, ನಾ ಮಾತು ಕೊಟ್ಟದ್ದು ಬ್ಯಾರೆ. ನಿನ್ನ ಸುಳ್ಳಿನ ಸಲುವಾಗಿ ನನ್ನ ಮಾತು ಯಾಕ ಕೆಡಸಲಿ?"

ಅತ್ತೆಯನ್ನೂ ಮಂಡಳಿಯ ಹೆಂಗಸರನ್ನೂ ಕೂಡಿಸಿಕೊಂಡು ಕೊಟ್ರಯ್ಯನ ವ್ಯಾನಿನಲ್ಲಿ ಕಂಪ್ಲಿಗೆ ಹೋದರು. ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ. ಊರು ದಾಟಿದ ಮೇಲೆ ಮರಗಳ ಎಲೆಗೆ ಹಸಿರು ಬಣ್ಣವಿರುವುದನ್ನು ನೋಡಿ ಕೊಟ್ರಯ್ಯ, "ನೋಡ್ರಿ ಸಾರ್, ಇಲ್ಲಿ ಮರ ತೊಳದಿಟ್ಟಾರ," ಎಂದ. ಅಕ್ಷೋಭ್ಯನಿಗೆ ನಿದ್ದೆ ಬಂದಿತ್ತು.

ಮನೆಯಲ್ಲಿ ರೆಕಾರ್ಡಿಂಗಿಗೆ ಬೇಕಾದ ಒಂದು ಅನುಕೂಲವೂ ಇರಲಿಲ್ಲ. ಮಕ್ಕಳು ಓಡಾಡುತ್ತಿದ್ದವು, ಅಡಿಗೆಮನೆಯಲ್ಲಿ ಪಾತ್ರೆ ಬೀಳುತ್ತಿದ್ದವು, ಹಳೆಯ ತೊಟ್ಟಿಲು ತೂಗಿದಂತೆಲ್ಲ ಕಿರ್ ಎನ್ನುತ್ತಿತ್ತು. ಬಂದದ್ದಕ್ಕೆ ಎಂದು ತೊಟ್ಟಿಲ ಬಳಿ ಎರಡು ಮೈಕು ನಿಲ್ಲಿಸಿ, ಬಾರಿಸುವ ಕೀಬೋರ್ಡನ್ನು ಪಕ್ಕಕ್ಕಿಟ್ಟು, ಕಂಪ್ಯೂಟರು ತೆರೆದು, ಅಕ್ಷೋಭ್ಯ ಗೋಡೆಗೊರಗಿ ಕೂತ. ಹೆಸರಿಟ್ಟಾಯಿತು. ಆರತಿಯಾಯಿತು. ಹೊಸಪೇಟೆಯವರೂ ಕಂಪ್ಲಿಯವರೂ ಸೇರಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ತೊಟ್ಟಿಲು ಸುತ್ತುವರಿದರು. ಯಮುನಾಬಾಯಿ ಹಗ್ಗ ಹಿಡಿದು ದನಿ ಎತ್ತಿದಳು.

ನಡುಹೊಳೆಯಲಿ ನಿಂತೆ.

ಎರಡನೆಯ ಮಾತಿಗೆ ಎಲ್ಲರೂ ಸೇರಿದರು. ಕಂಪ್ಲಿಯ ಹೆಂಗಸರಿಗೂ ಬರುತ್ತಿತ್ತು. ಯಾವ ಮದುವೆಯಲ್ಲಿ, ಯಾವ ಸಮಾರಾಧನೆಯಲ್ಲಿ ಕಲಿತಿದ್ದರೋ. ಅವನ ಕುದುರೆ ದೌಡು ಎಲ್ಲೂ ಇರಲಿಲ್ಲ. ಹಾಡು ತೊಟ್ಟಿಲಿನ ನಡಿಗೆಯಲ್ಲಿ, ಹೋಗಿ ಬಂದು, ಹೋಗಿ ಬಂದು ಸಾಗುತ್ತಿತ್ತು. ಬಸ್‌ಸ್ಟಾಂಡಿನಲ್ಲಿ ಕೂತಿದ್ದ ಒಬ್ಬನೇ ಒಬ್ಬನ ಮಾತನ್ನು ಈಗ ಇಷ್ಟು ಜನ ತಮ್ಮ ಮಾತೆಂದು ಹಾಡುತ್ತಿದ್ದರು. ಮೂರನೆಯ ಸಾಲಿಗೆ ಎಲ್ಲರೂ ಒಟ್ಟಿಗೆ ತೊಟ್ಟಿಲಿನೊಳಕ್ಕೆ ಬಾಗಿದರು. ನೀನಿದ್ದರೆ ಸಾಕೊ, ದಡದ ಹಂಗಿಲ್ಲ. ನೀನು ಎಂದರೆ ಅಲ್ಲಿ ಕಣ್ಣು ಮುಚ್ಚಿ ಮುಷ್ಟಿ ಬಿಗಿದು ಮಲಗಿದ್ದ ಹನ್ನೆರಡು ದಿನದ ಕೂಸು. ಇದರಿಂದಲೇ ಹಾಡು ನಿಂತಿತ್ತು, ಇದಕ್ಕಾಗಿಯೇ ಈಗ ಹಾಡುತ್ತಿದ್ದರು.

ಅಕ್ಷೋಭ್ಯನಿಗೆ ಈ ಸಾಲನ್ನು ಕತ್ತರಿಸಬೇಕೆಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ವರ್ಷಗಟ್ಟಲೆ ಹೊತ್ತ ಮೂಟೆಯನ್ನು ಯಾರೋ ತಲೆಯಿಂದ ಇಳಿಸಿಕೊಂಡ ಹಾಗೆ ಕುತ್ತಿಗೆ ಸಡಿಲವಾಯಿತು. ಹಾಡು ಮುಗಿಯುವವರೆಗೂ ಕೂತೇ ಇದ್ದ. ಮುಗಿದ ಮೇಲೆ ಕೊಟ್ರಯ್ಯ ಬಂದು ಕಂಪ್ಯೂಟರು ನೋಡಿ ತಲೆಯ ಮೇಲೆ ಕೈಹೊತ್ತ.

"ಸಾರ್! ರೆಕಾರ್ಡ್ ಗುಂಡೀನ ಒತ್ತಿಲ್ಲಲ್ಲ ಸಾರ್ ನೀವು!"

ಹೌದು, ಒತ್ತಿರಲಿಲ್ಲ. ನಾಲ್ಕು ವರ್ಷ ಕಾದವನು ಆ ಹೊತ್ತಿನಲ್ಲಿ ಮರೆತೇಬಿಟ್ಟಿದ್ದ.

ತೊಟ್ಟಿಲ ಬಳಿಯಿದ್ದ ಕಂಪ್ಲಿಯ ಮುದುಕಿಯೊಬ್ಬಳು ಆ ಮಾತು ಕೇಳಿಸಿಕೊಂಡಳು. ಕೂಸಿನ ಮುತ್ತಜ್ಜಿ ಇರಬೇಕು, ಹೊಸಪೇಟೆಯಿಂದ ಬಂದ ವಾದ್ಯದವರೆಂದಷ್ಟೇ ಅವಳಿಗೆ ಗೊತ್ತು. "ಅದಕ್ಯಾಕ ಮಾರಿ ಸಣ್ಣ ಮಾಡ್ಕೋತೀರಿ? ಇನ್ನೊಮ್ಮೆ ಹಾಡೋಣಂತ. ಭಾಳ ಹಳೇ ಪದ ಇದು, ನಮ್ಮತ್ತಿ ಹಾಡ್ತಿದ್ರು," ಎಂದು, ಅವನ ಕೀಬೋರ್ಡಿನ ಕಡೆ ಕೈತೋರಿಸಿ ಕೇಳಿದಳು. "ಪೆಟ್ಟಿಗಿ ಬಾರಸೋರಲ್ಲೇನ್ರಿ ನೀವು? ಇದು ಬರ್ತದೇನ್ರಿ ನಿಮಗ?"

ಹೆಂಗಸರೆಲ್ಲ ತಿರುಗಿದರು. ಯಮುನಾಬಾಯಿ ಹಗ್ಗ ಹಿಡಿದ ಕೈ ಹಾಗೆಯೇ ಇಟ್ಟು ಅವನನ್ನು ನೋಡಿದಳು. ಇಷ್ಟು ಜನರೆದುರು ಹುಡುಗ ಮತ್ತೆ ಆ ಮಾತು ಎತ್ತಿಯಾನೋ ಎಂಬ ದಿಗಿಲು ಅವಳ ಮುಖದಲ್ಲಿತ್ತು. ಅಕ್ಷೋಭ್ಯ ಮುಂದೆ ಬಾಗಿ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಇಲ್ರಿ," ಎಂದ. "ನೀವು ಹಾಡ್ರಿ. ನಾ ಕಲೀತೀನಿ."